ಮಾದಪ್ಪನನ್ನು ಬೋರ್ಡಿನಿಂದ ಇಳಿಸಿಕೊಂಡು ಬಂದದ್ದು

ನೀವು ನಂಬುವುದಿಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ. ಗುಂಡ್ಲುಪೇಟೆ ಬಸ್ ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಇದನ್ನು ಹೇಳಿದಾಗಲೆಲ್ಲ ಒಬ್ಬನಾದರೂ ಲೋಟ ಕೆಳಗಿಟ್ಟು, ‘ಬುಡಣ್ಣೋ, ರೈಲು ಬುಡಬ್ಯಾಡ’ ಎನ್ನುತ್ತಾನೆ. ದೇವರನ್ನು ಸತ್ತಿಗೆ, ಅಂದರೆ ಉತ್ಸವದ ಕೊಡೆ ಹಿಡಿದು ಜಾಹೀರಾತು ಬೋರ್ಡಿನಿಂದ ಕೆಳಗಿಳಿಸಿದೆ ಎಂದರೆ ಯಾರು ನಂಬುತ್ತಾರೆ? ನೀವೂ ನಂಬಬೇಡಿ. ಎದ್ದು ಹೋಗುವ ಧೈರ್ಯವಿದ್ದರೆ ಈಗಲೇ ಹೋಗಿ. ಆಮೇಲೆ ಬಿಡುವುದಿಲ್ಲ.

ನನ್ನದು ಗ್ಯಾಸ್ ಕಟರ್ ಕೆಲಸ. ಹೆದ್ದಾರಿ ಬದಿಯಲ್ಲಿ ಅಪ್ಪಣೆ ಇಲ್ಲದೆ ಎದ್ದ ಬೋರ್ಡುಗಳನ್ನು ಇಳಿಸಬೇಕಾದರೆ ಸುತ್ತಲಿನ ಪಂಚಾಯಿತಿಗಳು ನನ್ನನ್ನೇ ಕರೆಯುತ್ತವೆ. ಬೇರೆಯವರು ಕೊಯ್ದರೆ ಬೋರ್ಡು ಕರೆಂಟಿನ ತಂತಿಯ ಮೇಲೆ ಬೀಳುತ್ತದೆ. ನಾನು ಕೊಯ್ದರೆ ಎಲ್ಲಿ ಬೀಳು ಎನ್ನುತ್ತೇನೋ ಅಲ್ಲೇ, ಹೇಳಿದ ಮಾತು ಕೇಳುವ ಸೊಸೆಯ ಹಾಗೆ ಮಲಗುತ್ತದೆ. ಬೇಗೂರಿನಿಂದ ಬಂಡೀಪುರದ ಗೇಟಿನವರೆಗೆ ವಿಚಾರಿಸಿ ನೋಡಿ. ಕುಚೋದ್ಯವೂ ನನ್ನ ಕಸುಬೇ. ಒಮ್ಮೆ ‘ಅನಧಿಕೃತ, ಕೂಡಲೇ ತೆರವುಗೊಳಿಸಿ’ ಎಂಬ ಚೀಟಿಯನ್ನು ಬೋರ್ಡಿಗೆ ಅಂಟಿಸುವ ಬದಲು ಸಾಹೇಬರೊಬ್ಬರ ಜೀಪಿನ ಬೆನ್ನಿಗೆ ಅಂಟಿಸಿದ್ದೆ. ಅವರು ಅದನ್ನು ಹೊತ್ತುಕೊಂಡು ಚಾಮರಾಜನಗರವನ್ನೆಲ್ಲ ಸುತ್ತಿ ಬಂದರು. ಆದರೆ ಈಗ ಹೇಳುವುದನ್ನು ನೆನೆದರೆ ನನಗೆ ಇವತ್ತಿಗೂ ಹಲ್ಲು ಕಡಿಯುವಷ್ಟು ಸಿಟ್ಟು ಬರುತ್ತದೆ.

ಗುಂಡ್ಲುಪೇಟೆಯಿಂದ ಮದ್ದೂರಿನ ಕಡೆ, ಅಂದರೆ ಕೇರಳಕ್ಕೆ ಹೋಗುವ ರಸ್ತೆಯಲ್ಲಿ ನನ್ನ ತಂಗಿಯನ್ನು ಕೊಟ್ಟ ಊರಿದೆ. ಊರು ರಸ್ತೆಯ ಎಡಕ್ಕೆ, ಹಾಲಿನ ಡೈರಿ ಬಲಕ್ಕೆ. ಬೆಳಿಗ್ಗೆ ಸಂಜೆ ಊರೆಲ್ಲ ಕ್ಯಾನು ಹಿಡಿದು ಹೆದ್ದಾರಿ ದಾಟಬೇಕು. ಊರಿನ ದಾರಿ ಹೆದ್ದಾರಿಗೆ ಕೂಡುವ ಜಾಗದಲ್ಲೇ ಒಂದು ತಿರುವು. ಆ ತಿರುವಿನ ಬಾಯಿಗೆ ಸರಿಯಾಗಿ ಒಂದು ರೆಸಾರ್ಟಿನವರು ಮನೆಯ ಗೋಡೆಯಷ್ಟು ಅಗಲದ ಬೋರ್ಡು ನಿಲ್ಲಿಸಿದರು. ಅದರಲ್ಲಿ ನೀಲಿ ಈಜುಕೊಳ, ಕೊಳದ ದಡದಲ್ಲಿ ಈಜುಡುಗೆ ತೊಟ್ಟು ನಗುವ ಹೆಂಗಸು, ಅವಳ ಹಿಂದೆ ಆನೆ. ಬೋರ್ಡನ್ನು ಎತ್ತರಕ್ಕಾದರೂ ಕಟ್ಟಿದ್ದರೆ ಅದರ ಕೆಳಗಿನಿಂದ ರಸ್ತೆ ಕಾಣುತ್ತಿತ್ತು. ಕಾರಿನಲ್ಲಿ ಕೂತವರ ಕಣ್ಣಿನ ಮಟ್ಟಕ್ಕೇ ಬರಲಿ ಎಂದು ನೆಲಕ್ಕೆ ತಾಗುವ ಹಾಗೆ ಕಟ್ಟಿದ್ದರು.

ಆ ರಸ್ತೆಯ ಸಂಜೆ ಹೇಗಿರುತ್ತದೆ ಎಂದು ಗೊತ್ತಿದ್ದವರಿಗೆ ಗೊತ್ತು. ರಾತ್ರಿ ಕಾಡಿನ ಗೇಟು ಮುಚ್ಚುತ್ತಾರೆ. ಮುಚ್ಚುವ ಹೊತ್ತಿಗೆ ಇನ್ನೂ ಎಷ್ಟೇ ಸಮಯವಿರಲಿ, ಹೊತ್ತು ಇಳಿಯುತ್ತಿದ್ದ ಹಾಗೆ ಆಚೆ ಸೀಮೆಯ ಗಾಡಿಗಳಿಗೆ ಒಂಥರಾ ವೇಗದ ಭೂತ ಮೆಟ್ಟಿಕೊಳ್ಳುತ್ತದೆ. ಡೈರಿಯಲ್ಲಿ ಹಾಲು ಅಳೆಯುವುದೂ ಅದೇ ಹೊತ್ತಿಗೆ.

ತಂಗಿಗೆ ಕಾರು ಬಡಿಯಿತು. ಕಾರಿನವನು ಓಡಿಹೋಗಲಿಲ್ಲ. ಮಲಯಾಳಿ ಹುಡುಗ, ಮದುವೆಯಾಗಿ ಹೊಸದು. ಹೆಂಡತಿಯ ಶಾಲನ್ನೇ ತಂಗಿಯ ಕಾಲಿಗೆ ಸುತ್ತಿ, ತಾನೇ ಎತ್ತಿಕೊಂಡು ಕಾರಿನಲ್ಲಿ ಮಲಗಿಸಿ ಗುಂಡ್ಲುಪೇಟೆಗೆ ತಂದ. ನಾನು ಶೆಡ್ಡಿನಿಂದ ಓಡಿಹೋದಾಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ‘ಕಂಡಿಲ್ಲಾ ಚೇಟ್ಟಾ... ಬೋರ್ಡ್... ಕಂಡಿಲ್ಲಾ’ ಎನ್ನುತ್ತಿದ್ದ. ಹೊಡೆಯಲು ಎತ್ತಿದ ಕೈಯನ್ನು ಇಳಿಸಿಕೊಂಡೆ. ಆ ಭಾಷೆ ನನಗೆ ಅಷ್ಟಕ್ಕಷ್ಟೆ. ಆದರೆ ಆ ಮಾತು ಅರ್ಥವಾಗುವುದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಚಾಮರಾಜನಗರದ ದೊಡ್ಡಾಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದರು. ಎಚ್ಚರವಾದ ಮೇಲೆ ಅವಳು ಮೊದಲು ಕೇಳಿದ್ದು ಕ್ಯಾನನ್ನು.

‘ಕ್ಯಾನು ಏನಾಯ್ತಣ್ಣ?’

‘ಜಜ್ಜೋಗದೆ. ಅದ್ಕೂ ರಾಡ್ ಆಕುಸ್ತೀನಿ, ಮನಿಕ.’

ಅವಳು ನಗಲಿಲ್ಲ. ‘ನಾನು ನೋಡ್ದೆ ಕಣಣ್ಣ. ಎರಡು ಕಡೀಕೂ ನೋಡ್ದೆ. ಆ ಈಜೋ ಎಂಗಸ್ನ ಬುಟ್ರೆ ಇನ್ನೇನೂ ಕಾಣ್ನಿಲ್ಲ. ಎಲ್ರೂವೆ ನಾನು ಕಣ್ಣು ಮುಚ್ಕಂಡು ದಾಟ್ದೆ ಅಂತಾವ್ರಂತೆ. ನಿಮ್ ಭಾವನೂ ಅಂಗೇ ಅಂದ್ರು.’

ಅವಳಿಗೆ ಕಾಲಿಗಿಂತ ಹೆಚ್ಚು ನೋವು ಕೊಟ್ಟದ್ದು ಅದು. ಪೊಲೀಸರು ಕೂಡ ‘ಅಜಾಗರೂಕತೆಯಿಂದ ರಸ್ತೆ ದಾಟುವಾಗ’ ಎಂದು ಬರೆದುಕೊಂಡು ಹೋಗಿದ್ದರು. ಬೋರ್ಡಿನ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ. ಬೋರ್ಡು ಬೀಳಬೇಕು, ತಪ್ಪು ಅವಳದಲ್ಲ ಎಂದು ಅಧಿಕಾರದಲ್ಲಿ ಇರುವವನೊಬ್ಬ ಅವಳ ಮುಖಕ್ಕೆ ಹೇಳಬೇಕು. ಇವೆರಡೂ ಆಗುವವರೆಗೆ ಬೇರೆ ಕೆಲಸ ಮುಟ್ಟುವುದಿಲ್ಲ ಎಂದು ಶೆಡ್ಡಿಗೆ ಬೀಗ ಹಾಕಿದೆ.

ಮೊದಲು ಪಂಚಾಯಿತಿಗೆ ಹೋದೆ. ಅಲ್ಲಿನ ಪಿಡಿಒ ಸಾಹೇಬರಿಗೆ ನನ್ನ ಮೇಲೆ ಪ್ರೀತಿ, ಭಯ ಎರಡೂ ಇವೆ.

‘ನಾವು ಪರ್ಮಿಷನ್ನೇ ಕೊಟ್ಟಿಲ್ಲ ಮಾರಾಯ್ರೇ’ ಎಂದರು.

‘ಕೊಟ್ಟಿಲ್ಲ ಅಂದ್ಮೇಲೆ ಕೊಯ್ದು ಬಿಸಾಕ್ಬೋದಲ್ಲ ಸಾರ್?’

‘ಹೆಂಗ್ರೀ ಆಗುತ್ತೆ? ಅದು ಹೆದ್ದಾರಿಯವರ ಜಾಗ. ಅವರು ಹೇಳ್ಬೇಕು.’

ಚಾಮರಾಜನಗರಕ್ಕೆ ಹೋದೆ. ಹೆದ್ದಾರಿಯ ಕಚೇರಿಯಲ್ಲಿ ಇಂಜಿನಿಯರ್ ಸಾಹೇಬರು ಗೋಡೆಯ ನಕ್ಷೆ ತೋರಿಸಿದರು. ರಸ್ತೆಯ ನಡುಗೆರೆಯಿಂದ ಅಳೆಯಬೇಕು, ತಮ್ಮ ಗಡಿಕಲ್ಲಿನ ಒಳಗಿದ್ದರೆ ತಮ್ಮದು, ಹೊರಗಿದ್ದರೆ ಖಾಸಗಿ ಜಮೀನು, ಅದಕ್ಕೆ ಪಂಚಾಯಿತಿಯೇ ಹೊಣೆ ಎಂದರು.

‘ಒಳಗದ್ಯೋ ಹೊರಗದ್ಯೋ ಸಾರ್?’

‘ಅಳತೆ ಮಾಡಿದ್ರಲ್ವಾ ಗೊತ್ತಾಗೋದು?’

‘ಯಾವಾಗ ಅಳತೀರಿ?’

‘ಪಂಚಾಯ್ತಿಯವರು ಬರೆದು ಕೇಳ್ಲಿ.’

ಪಂಚಾಯಿತಿಯವರು ಹೆದ್ದಾರಿಯವರೇ ಕೇಳಲಿ ಎಂದರು. ನಡುವೆ ಯಾರೋ ಒಬ್ಬರು, ಕಾಡು ಹತ್ತಿರವಲ್ಲವೇ, ಅರಣ್ಯ ಇಲಾಖೆಯನ್ನೂ ಒಂದು ಮಾತು ಕೇಳಿ ಎಂದರು. ಬೋರ್ಡಿನಲ್ಲಿರುವ ಆನೆಯನ್ನೂ ಕೇಳುತ್ತೇನೆ ಎಂದು ಬಂದೆ. ಅಷ್ಟರಲ್ಲಿ ಅದೇ ತಿರುವಿನಲ್ಲಿ ಅಜ್ಜನೊಬ್ಬ ಹಾಲಿನ ಸಮೇತ ಚರಂಡಿಗೆ ಹಾರಿ ಜೀವ ಉಳಿಸಿಕೊಂಡಿದ್ದ.

ಇವರು ನೆಟ್ಟಗೆ ಬರುವವರಲ್ಲ ಎಂದು ಖಾತ್ರಿಯಾಯಿತು. ಪಿಡಿಒಗೆ ಫೋನು ಮಾಡಿದೆ.

‘ಸಾರ್, ನಾಳ ಬೆಳಿಗ್ಗೆ ಹೆದ್ದಾರಿ ಸಾಹೇಬ್ರು ಅಳತೆಗ ಬತ್ತಾವ್ರೆ. ತಪ್ಪೆಲ್ಲ ಪಂಚಾಯ್ತಿದೇ ಅಂತ ಬರ್ಕಂಡೋಯ್ತಾರಂತೆ. ನಾನು ಏಳ್ದೆ ಅನ್ಬ್ಯಾಡಿ.’

ಇಂಜಿನಿಯರಿಗೂ ಫೋನು ಮಾಡಿದೆ. ಅದೇ ಮಾತನ್ನು ಅಂಗಿಯ ಹಾಗೆ ತಿರುಗಿಸಿ ಹೇಳಿದೆ. ಮರುದಿನ ಬೆಳಿಗ್ಗೆ, ನೊರೆಹಾಲು ಡೈರಿ ಸೇರುವ ಮೊದಲೇ, ಎರಡು ಜೀಪುಗಳು ತಿರುವಿನಲ್ಲಿ ಮುಖಾಮುಖಿ ನಿಂತಿದ್ದವು. ಇಬ್ಬರೂ ಒಬ್ಬರಿಗಿಂತ ಒಬ್ಬರು ಮೊದಲು ಬರಬೇಕೆಂದು ಹಲ್ಲು ಕೂಡ ಉಜ್ಜದೆ ಬಂದ ಹಾಗಿತ್ತು.

ಟೇಪಿನ ಒಂದು ತುದಿಯನ್ನು ನಡುಗೆರೆಯ ಮೇಲೆ ನಾನು ಹಿಡಿದೆ. ಟೇಪಿನ ಡಬ್ಬಿ ಹಿಡಿದು ಎಳೆದುಕೊಂಡು ಇಂಜಿನಿಯರ್ ಬೋರ್ಡಿನ ಬುಡಕ್ಕೆ ಹೋದರು. ಗಡಿಕಲ್ಲು ಕಾಣಲಿಲ್ಲ. ಹಾರೆಯಲ್ಲಿ ಕೆದಕಿದರೆ ಬೋರ್ಡಿನ ಎರಡು ಕಾಲುಗಳ ನಡುವೆ ಮಣ್ಣೊಳಗೆ ಕೂತಿತ್ತು. ಬೋರ್ಡು ರಸ್ತೆಗೆ ಓರೆಯಾಗಿ ನಿಂತಿದ್ದರಿಂದ ಒಂದು ಕಾಲು ಕಲ್ಲಿನ ಈಚೆ, ಇನ್ನೊಂದು ಆಚೆ.

ಇಂಜಿನಿಯರ್ ಗಂಭೀರವಾಗಿ, ‘ಒಂದು ಕಾಲು ಮಾತ್ರ ನಮ್ದು’ ಎಂದರು.

ಪಿಡಿಒ ಕೂಡಲೇ, ‘ಹಾಗಾದ್ರೆ ಮೊದಲು ನಿಮ್ದು ತೆಗೀರಿ’ ಎಂದರು.

ನನಗೆ ಮೈ ಉರಿಯಿತು. ‘ಸಾರ್, ನಮ್ ತಂಗೀಗೂ ಎರಡು ಕಾಲವೆ. ಮುರ್ದಿರದು ಯಾವ ಇಲಾಖೆ ಕಾಲು ಅಂತ ಏಳ್ಬುಡಿ, ಅಲ್ಲೇ ಕರ್ಕಂಡೋಗಿ ತೋರುಸ್ತೀನಿ.’

‘ನಾಲಿಗೆ ಬಿಗಿ ಹಿಡೀರಿ. ಆಯಮ್ಮ ನೋಡ್ಕೊಂಡು ದಾಟಬೇಕಿತ್ತು’ ಎಂದರು ಇಂಜಿನಿಯರ್.

ನನ್ನ ಕೈಯಲ್ಲಿದ್ದದ್ದು ಸ್ಟೀಲಿನ ಟೇಪು. ಬಿಟ್ಟೆ. ಅದು ಹಾವಿನ ಹಾಗೆ ಸರ್ರನೆ ಸುತ್ತಿಕೊಂಡು ಹೋಗಿ ಅವರ ಬೆರಳ ಗಂಟಿಗೆ ಬಡಿಯಿತು. ‘ಕೈ ಜಾರ್ಬುಡ್ತು ಸಾರ್, ವಯಸ್ಸಾಯ್ತಲ್ಲ’ ಎಂದೆ. ಅವರು ಬೆರಳನ್ನು ಬಾಯಿಗಿಟ್ಟುಕೊಂಡು ನನ್ನನ್ನು ನೋಡಿದ ನೋಟ ನನಗೆ ಈಗಲೂ ಹಬ್ಬದೂಟ.

ಆದರೆ ಇಬ್ಬರೂ ಒಟ್ಟಿಗೆ ಅಳೆದ ಮೇಲೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಜಂಟಿ ಆದೇಶವಾಯಿತು. ರೆಸಾರ್ಟಿಗೆ ನೋಟಿಸು ಹೋಯಿತು, ಗಡುವು ಮುಗಿಯಿತು, ಉತ್ತರ ಬರಲಿಲ್ಲ. ತೆರವಿನ ದಿನ ಗೊತ್ತಾಯಿತು. ಟ್ರ್ಯಾಕ್ಟರಿಗೆ ಸಿಲಿಂಡರು, ಏಣಿ, ಹಗ್ಗ ಹೇರಿಕೊಂಡು ನನ್ನ ಇಬ್ಬರು ಆಳುಗಳ ಜೊತೆ ಹೋದೆ. ಹಿಂದೆ ಪಿಡಿಒ, ಇಂಜಿನಿಯರ್, ಒಬ್ಬ ಪೊಲೀಸಿನವನು.

ತಿರುವಿಗೆ ಬಂದು ಟ್ರ್ಯಾಕ್ಟರ್ ನಿಲ್ಲಿಸಿದವನು ಹಾಗೇ ಕೂತುಬಿಟ್ಟೆ.

ಬೋರ್ಡಿನ ಮೇಲರ್ಧಕ್ಕೆ ಹೊಸ ಫ್ಲೆಕ್ಸು ಕಟ್ಟಿದ್ದರು. ಹುಲಿಯ ಮೇಲೆ ಕೂತ ಮಲೆ ಮಾದೇಶ್ವರ, ನಮ್ಮ ಮಾದಪ್ಪ, ಸುತ್ತ ಚೆಂಡುಹೂವಿನ ಹಾರ. ಬುಡದಲ್ಲಿ ಒಡೆದ ತೆಂಗಿನಕಾಯಿ, ಊದುಬತ್ತಿ. ಕೆಳಗೆ ಅದೇ ಈಜುಕೊಳ, ಅದೇ ಹೆಂಗಸು.

ಇದು ಆ ರೆಸಾರ್ಟಿನ ಮ್ಯಾನೇಜರನ ಬುದ್ಧಿ. ನಮ್ಮ ಜಿಲ್ಲೆಯಲ್ಲಿ ಯಾರ ಪಟವನ್ನು ಬೇಕಾದರೂ ಹರಿಯುತ್ತಾರೆ, ಮಾದಪ್ಪನ ಪಟಕ್ಕೆ ಕೈ ಹಾಕುವುದಿಲ್ಲ ಎಂಬುದನ್ನು ಅವನು ಯಾರಿಂದಲೋ ಕಲಿತಿದ್ದ. ನನ್ನ ಆಳುಗಳಲ್ಲೊಬ್ಬ ಏಣಿಯನ್ನು ನೆಲಕ್ಕೆ ಮಲಗಿಸಿ ಚಪ್ಪಲಿ ಬಿಟ್ಟ.

‘ಅಣ್ಣೋ, ಅಪ್ಪನ ಮೈಗ ಗ್ಯಾಸ್ ಬೆಂಕಿ ಇಡದಾ? ನನ್ ಕೈಲಿ ಆಗದಿಲ್ಲ.’

‘ಲೇ, ಅದು ಪ್ಲಾಸ್ಟಿಕ್ ಕಣ್ಲಾ!’

‘ಗುಡೀಲಿರದು ಕಲ್ಲಲ್ವಾ? ನೀನೇ ಅತ್ತಿ ಕೊಯ್ಯಿ ಮತ್ತ.’

ಹತ್ತಲು ಹೋದೆ. ಏಣಿಯ ಮೇಲೆ ಕಾಲಿಟ್ಟವನು ಹಾಗೇ ನಿಂತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ನನಗೂ ಆಗಲಿಲ್ಲ. ನನ್ನ ತಲೆಯ ಮೊದಲ ಕೂದಲು ಕೊಟ್ಟದ್ದು ಅವನ ಬೆಟ್ಟದಲ್ಲೇ. ಅಷ್ಟರಲ್ಲಿ ಪೊಲೀಸಿನವನೂ ಬೂಟು ಬಿಚ್ಚಿ ಕೈ ಮುಗಿಯುತ್ತಿದ್ದ. ಪಿಡಿಒ ಮುಖದಲ್ಲಿ ಮಾತ್ರ ಮಳೆ ಬಂದ ಹಾಗೆ ತಂಪು. ‘ಇದು ಧಾರ್ಮಿಕ ವಿಷಯ ಆಯ್ತು. ಮೇಲಿನವರನ್ನ ಕೇಳ್ಬೇಕು’ ಎಂದು ಜೀಪು ಹತ್ತಿದರು. ಇಂಜಿನಿಯರ್ ಆಗಲೇ ಹತ್ತಿಯಾಗಿತ್ತು.

ಎಲ್ಲರೂ ಹೋದ ಮೇಲೆ ನಾನೊಬ್ಬನೇ ಬೋರ್ಡಿನ ಮುಂದೆ ಕೂತು ಬಾಯಿಗೆ ಬಂದ ಹಾಗೆ ಬೈದೆ. ರೆಸಾರ್ಟಿನವನನ್ನು ಬೈದು ಮುಗಿದ ಮೇಲೆ ಮಾದಪ್ಪನನ್ನೂ ಬೈದೆ. ‘ಏನಪ್ಪಾ, ನಿಂಗ ಏಳುಮಲೆ ಸಾಲ್ದೇ ಓಯ್ತಾ? ಹಾಲು ಉಯ್ಯೋ ಎಂಗಸ್ರ ದಾರೀಗ ಅಡ್ಡ ನಿಂತಿದ್ದೀಯಲ್ಲ, ಇದೇನಾ ನಿನ್ ನ್ಯಾಯ?’ ಅವನು ಹುಲಿಯ ಮೇಲೆ ಸುಮ್ಮನೆ ಕೂತಿದ್ದ. ಕೆಳಗಿನವಳು ನಗುತ್ತಿದ್ದಳು.

ಗಾಯ ಮಾಗದೆ ಇನ್ನೂ ಆಸ್ಪತ್ರೆಯಲ್ಲೇ ಇದ್ದ ತಂಗಿಗೆ ಹೋಗಿ ಹೇಳಿದೆ. ಅವಳು ದಿಂಬಿಗೆ ಒರಗಿದಳು.

‘ಆ ಎಂಗಸು ಇನ್ನೂ ಅವ್ಳಾ?’

‘ಅವ್ಳೆ. ಅಪ್ಪನ ಪಾದದ ಕೆಳಗೇಯ ಕುಂತವ್ಳೆ.’

‘ಅಯ್ಯೋ ಶಿವನೆ, ಅಂತಾ ಕಡೆ ಅಪ್ಪನ್ನ ನಿಲ್ಸವ್ರಾ? ದೂಳಲ್ಲಿ, ಬಿಸ್ಲಲ್ಲಿ? ಗುಡೀಗ ಕರ್ಕಂಡೋಗ್ಬಾರ್ದಾ ಅಣ್ಣ?’

ನಾನು ಎದ್ದು ನಿಂತೆ. ಉಪಾಯ ತನ್ನದು ಎಂದು ಅವಳು ಇವತ್ತಿಗೂ ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳಲಿ. ಅವಳು ಹೇಳಿದ್ದು ಭಕ್ತಿಯ ಮಾತು, ಅದನ್ನು ಉಪಾಯ ಮಾಡಿದ್ದು ನಾನು.

ಕೊಯ್ಯುವುದು ಅಪಚಾರ ಸರಿ. ಆದರೆ ಬೀದಿಯಲ್ಲಿ ನಿಂತ ದೇವರನ್ನು ಮಂಗಳಾರತಿ ಮಾಡಿ ಗುಡಿಗೆ ಕರೆತರುವುದಕ್ಕೆ ಯಾವ ಇಲಾಖೆಯ ಅಪ್ಪಣೆ ಬೇಕು? ಅವನು ಇಳಿದು ಬಂದ ಮೇಲೆ ಅಲ್ಲಿ ಉಳಿಯುವುದು ಬರೀ ಈಜುಕೊಳ.

ಊರಿನ ಮಾದಪ್ಪನ ಗುಡಿಯ ಪೂಜೆ ಮಾಡುವ ತಮ್ಮಡಿಯ ಬಳಿ ಹೋದೆ. ಜಗಲಿಯ ಮೇಲೆ ಎಲೆಯಡಿಕೆ ಹಾಕುತ್ತ ಕೂತ ಅಜ್ಜಿಯರಿಗೆ ಕೇಳುವ ಹಾಗೆ, ‘ಸಾಮಿ, ನಮ್ಮಪ್ಪನ ಪಾದದ ಕೆಳಗ ಚಡ್ಡಿ ಆಕಂಡು ಈಜ್ತಾ ಅವ್ಳಲ್ಲ, ಇದು ಶಾಸ್ತ್ರದಲ್ಲಿ ಅದಾ?’ ಎಂದೆ. ಅಷ್ಟೇ ಹೇಳಿದ್ದು. ಕೆಲವು ಬೀಡಿಗಳಿಗೆ ಒಂದು ಕಿಡಿ ಸಾಕು.

‘ಯಾವನ್ಲಾ ಅವ್ನು ನಿಲ್ಸ್ದೋನು?’ ಎಂದು ಒಬ್ಬ ಅಜ್ಜಿ ಎಲೆ ಉಗಿದು ಎದ್ದಳು.

ತಮ್ಮಡಿ ಮಾತ್ರ ಅವಸರ ಮಾಡಲಿಲ್ಲ. ‘ನೀವು ಕುಣಿದ್ರ ಆಗದಿಲ್ಲ. ಅಪ್ಪ ಬತ್ತೀನಿ ಅನ್ಬೇಕು’ ಎಂದ. ಲಿಂಗದ ಮೇಲೆ ಎರಡು ಕಡೆಗೂ ಹೂವಿಟ್ಟು ಕೇಳುವುದು ನಮ್ಮ ಕಡೆಯ ಕ್ರಮ. ಬಲಗಡೆಯ ಹೂವು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಊರೆಲ್ಲ ಉಸಿರು ಬಿಗಿಹಿಡಿದು ಕೂತಿತು. ಹೂವು ಬಹಳ ಹೊತ್ತು ಬೀಳಲಿಲ್ಲ. ಆಮೇಲೆ ಬಲಗಡೆಯದು ಬಿತ್ತು. ನೀವು ನನ್ನನ್ನೇ ನೋಡುತ್ತಿದ್ದೀರಿ, ಗೊತ್ತು. ನಾನು ಬಾಗಿಲ ಹೊರಗಿದ್ದೆ. ಊದಲಿಲ್ಲ, ಕೆಮ್ಮಲಿಲ್ಲ, ಆಣೆ.

ಉತ್ಸವಕ್ಕೆ ಸೋಮವಾರ ನಿಗದಿಯಾಯಿತು. ಪಿಡಿಒ, ಇಂಜಿನಿಯರ್, ಪೊಲೀಸು ಎಲ್ಲರಿಗೂ ಎಲೆಯಡಿಕೆ ಕೊಟ್ಟು ಉತ್ಸವಕ್ಕೆ ಕರೆದೆ. ತೆರವಿಗೆ ಬನ್ನಿ ಎಂದರೆ ಬರದವರು ದೇವರ ಕೆಲಸಕ್ಕೆ ಬರುವುದಿಲ್ಲ ಎನ್ನಲಾರರು. ಬಂದರು. ತಂಗಿಯೂ ಬಂದಳು. ಆಸ್ಪತ್ರೆಯಿಂದ ಬಿಟ್ಟು ಎರಡು ದಿನವಾಗಿತ್ತು, ನಿಲ್ಲುವ ಹಾಗಿರಲಿಲ್ಲ. ಡೈರಿಯ ಮುಂದೆ ಆಟೋದಲ್ಲಿ ಕಾಲು ನೀಡಿ ಕೂತಳು.

ತಮಟೆ, ಕಂಸಾಳೆ. ‘ಉಘೇ ಮಾದಪ್ಪಾ ಉಘೇ’ ಎಂಬ ಕೂಗಿಗೆ ಆಚೆ ಸೀಮೆಯ ಕಾರುಗಳೆಲ್ಲ ನಿಂತು ಕೈ ಮುಗಿದವು. ತಮ್ಮಡಿ ಬೋರ್ಡಿಗೆ ಆರತಿ ಎತ್ತಿದ. ನನ್ನ ಆಳು ಸ್ನಾನ ಮಾಡಿ ಒದ್ದೆ ಪಂಚೆಯಲ್ಲಿ ಏಣಿ ಹತ್ತಿ, ಒಂದು ತಂತಿಯನ್ನೂ ಕತ್ತರಿಸದೆ ಪ್ರತಿ ಗಂಟನ್ನೂ ಬೆರಳಲ್ಲಿ ಬಿಚ್ಚಿ, ಮಾದಪ್ಪನನ್ನು ಸುರುಳಿ ಸುತ್ತಿ ಕೆಳಗೆ ಇಳಿಸಿದ. ತಮ್ಮಡಿ ತಲೆಯ ಮೇಲೆ ಹೊತ್ತ.

ಆಗ ಬಂದ ಮ್ಯಾನೇಜರ್. ಕಾರಿನಿಂದ ಹಾರಿ, ‘ಯಾರ್ರೀ ಮುಟ್ಟಿದ್ದು? ದೇವ್ರ ಫೋಟೋ ರೀ ಅದು!’ ಎಂದು ಕೂಗಿದ.

‘ದೇವ್ರೇ ಅಲ್ವಾ? ಅದ್ಕೇ ಕರ್ಕಂಡೋಯ್ತಾ ಇರದು. ನೀನೇ ಕರ್ಸಿದ್ದು, ನೀನೇ ಕಳ್ಸ್ಕೊಡಬೇಕು. ಇಡ್ಕ!’ ಎಂದು ಎಲೆ ಉಗಿದ ಅಜ್ಜಿ ಅವನ ಕೈಗೆ ಸತ್ತಿಗೆ ತುರುಕಿದಳು. ಹಿಡಿಯದೆ ಏನು ಮಾಡುತ್ತಾನೆ? ಸುತ್ತ ಇಡೀ ಊರು. ಬೂಟು ಬಿಚ್ಚಿಸಿದರು. ಸೂಟು ತೊಟ್ಟ ಮನುಷ್ಯ ಬಿಸಿ ಟಾರಿನ ಮೇಲೆ ಕುಪ್ಪಳಿಸುತ್ತ, ತನ್ನದೇ ಫ್ಲೆಕ್ಸಿಗೆ ಸತ್ತಿಗೆ ಹಿಡಿದು, ಗುಡಿಯವರೆಗೂ ಹೋದ.

ಅವನ ಬೆನ್ನು ಮರೆಯಾಗುವುದನ್ನೇ ಕಾದಿದ್ದೆ. ‘ಸಾರ್, ಆದೇಶ ಇನ್ನೂ ಅದಲ್ಲ? ನೀವು ನಿಮ್ ಕಾಲ್ ತಾವ ನಿಂತ್ಕಳಿ, ನೀವು ನಿಮ್ ಕಾಲ್ ತಾವ’ ಎಂದು ಸಾಹೇಬರಿಬ್ಬರನ್ನೂ ಒಂದೊಂದು ಕಡೆ ನಿಲ್ಲಿಸಿದೆ. ಊರಿನ ಅರ್ಧ ಜನ ಅಲ್ಲೇ ಇದ್ದರು. ಇಬ್ಬರೂ ತಲೆ ಆಡಿಸಿದರು.

ಮೊದಲು ಈಜುಕೊಳವನ್ನು ಚಾಕುವಿನಿಂದ ಉದ್ದುದ್ದ ಸೀಳಿದೆ. ಫ್ಲೆಕ್ಸನ್ನು ಇಡಿಯಾಗಿ ಬಿಟ್ಟರೆ ಗಾಳಿ ಹಿಡಿದು ಬೋರ್ಡು ತನಗೆ ಬೇಕಾದ ಕಡೆ ಬೀಳುತ್ತದೆ. ಮೇಲಿನ ಚೌಕಟ್ಟಿಗೆ ಎರಡು ಹಗ್ಗ ಕಟ್ಟಿ ಹೊಲದ ಕಡೆಗೆ ಟ್ರ್ಯಾಕ್ಟರಿಗೆ ಬಿಗಿದೆ. ಹಿಂಬದಿಯ ಓರೆ ಆಸರೆಗಳ ಬೋಲ್ಟು ಬಿಚ್ಚಿಸಿದೆ. ಆಮೇಲೆ ಕಟರ್ ಹೊತ್ತಿಸಿ, ಜ್ವಾಲೆ ನೀಲಿ ಮೊನೆಯಾಗುವ ಹಾಗೆ ಆಕ್ಸಿಜನ್ ತಿರುವಿ, ಬೀಳಬೇಕಾದ ಕಡೆ ಎರಡೂ ಕಾಲಿಗೆ ಕೊಡಲಿ ಕಚ್ಚಿನಂಥ ಬಾಯಿ ತೆಗೆದೆ. ಕೊನೆಗೆ ರಸ್ತೆಯ ಕಡೆಯಿಂದ ಕೊಯ್ದೆ. ಇಲಾಖೆಯ ಕಾಲು, ಪಂಚಾಯಿತಿಯ ಕಾಲು, ಎರಡೂ ಒಂದೇ ಕಬ್ಬಿಣ. ಒಂದೇ ಥರ ಕೆಂಪಗಾದವು, ಒಂದೇ ಥರ ಕಿಡಿ ಉಗುಳಿದವು. ಟ್ರ್ಯಾಕ್ಟರ್ ಎಳೆಯಿತು. ಬೋರ್ಡು ನರಳಿ, ಹೊಲದೊಳಗೆ ಅಂಗಾತ ಮಲಗಿತು.

ಧೂಳು ಇಳಿದಾಗ ರಸ್ತೆ ಕಂಡಿತು. ತಿರುವು, ಅದರಾಚೆ ಹುಣಸೆಮರ, ಮರದಾಚೆ ಬರುತ್ತಿದ್ದ ಬಸ್ಸು. ಅಷ್ಟು ದೂರದ ಬಸ್ಸು. ಯಾರೂ ಜೈಕಾರ ಹಾಕಲಿಲ್ಲ. ಜಜ್ಜಿಹೋದ ಕ್ಯಾನು, ಚರಂಡಿಗೆ ಹಾರಿದ ಅಜ್ಜ, ಎಲ್ಲರಿಗೂ ಒಂದೇ ಸಲ ನೆನಪಾಗಿರಬೇಕು. ಅಷ್ಟು ಸಣ್ಣ ಕೆಲಸಕ್ಕೆ ದೇವರೇ ಬೀದಿಗೆ ಇಳಿಯಬೇಕಾಯಿತಲ್ಲ ಎಂದು ನನಗೆ ಗೆದ್ದ ಖುಷಿಗಿಂತ ಸಿಟ್ಟೇ ಹೆಚ್ಚಾಯಿತು.

ಇಂಜಿನಿಯರ್ ಸಾಹೇಬರು ರಸ್ತೆ ದಾಟಿ ಆಟೋದ ಹತ್ತಿರ ಹೋದರು. ಬಗ್ಗಿ, ‘ಅಮ್ಮಾ, ತಪ್ಪು ನಿಮ್ದಲ್ಲ. ಇಲ್ಲಿಂದ ಯಾರಿಗೂ ಕಾಣ್ತಿರಲಿಲ್ಲ. ನಾವು ಮೊದಲೇ ತೆಗೀಬೇಕಿತ್ತು’ ಎಂದರು.

ನಂಬಿದಿರಲ್ಲ? ದೇವರು ಬೋರ್ಡಿನಿಂದ ಇಳಿದದ್ದನ್ನು ನಂಬದವರೂ ಇದನ್ನು ನಂಬುತ್ತಾರೆ. ಹೂವು ಬಿದ್ದದ್ದು ನಿಜ, ಸೂಟಿನವನು ಸತ್ತಿಗೆ ಹಿಡಿದದ್ದು ನಿಜ, ಟೇಪು ಬಡಿದದ್ದಂತೂ ನಿಜವೇ ನಿಜ. ನಾನು ಕಟ್ಟಿ ಹೇಳಿದ್ದು ಸಾಹೇಬರ ಆ ಮಾತೊಂದನ್ನೇ. ಇಂಜಿನಿಯರ್ ರಸ್ತೆ ದಾಟಲಿಲ್ಲ. ಬಿದ್ದ ಬೋರ್ಡಿನ ಫೋಟೋ ತೆಗೆದುಕೊಂಡರು, ಪ್ರಸಾದ ತಿಂದರು, ಹೋದರು. ಪಿಡಿಒ ಕೂಡ ಹೋದರು.

ತಂಗಿ ಆಟೋದ ಪರದೆಯನ್ನು ಪೂರ್ತಿ ಎತ್ತಿಸಿಕೊಂಡು ಕೂತಿದ್ದಳು. ಎರಡೂ ಜೀಪುಗಳು ಕಣ್ಮರೆಯಾದ ಮೇಲೆ ಹೊರಡೋಣವೇ ಎಂದರೂ, ‘ವಸಿ ತಡಿ ಅಣ್ಣ, ಆ ಸಾಹೇಬ್ರು ಬಂದ್ರೂ ಬರ್ಬೋದು’ ಎಂದಳು.